ದಯವಿಟ್ಟು ನನಗೊಂದು ಪ್ರಶ್ನೆ ಕೇಳಿ

ಜರ್ಮನಿಯ ಬಾನ್‌ ನಗರದಲ್ಲಿ ನನ್ನ ಕೆಲಸ ಏನೆಂದರೆ, ಜನರಿಂದ ಪ್ರಶ್ನೆ ಕೇಳಿಸಿಕೊಳ್ಳುವುದು. ಇಂಥ ಹೊಟ್ಟೆಪಾಡಿಗೆ ಇಳಿದ ಮೇಲೆ ಏನಾದರೊಂದು ಎಡವಟ್ಟು ಆಗುತ್ತಲೇ ಇರುತ್ತದೆ. ‘ನೀನು ಏನು ಮಾಡ್ತೀಯ’ ಅಂತ ಸ್ಪ್ಯಾನಿಷ್‌ನಲ್ಲಿ ಕೇಳುವಾಗ ಸ್ಪೇನಿನವರು ‘ನೀನು’ ಅನ್ನುವುದನ್ನು ಕೊನೆಗೆ ಹಾಕುತ್ತಾರೆ, ಕ್ಯೂಬಾ ಕಡೆಯವರು ಮೊದಲೇ ಹೇಳಿಬಿಡುತ್ತಾರೆ. ಅದನ್ನು ರೆಕಾರ್ಡ್ ಮಾಡಬೇಕು. ಎರಡೂ ಕಡೆಯ ಪ್ರಶ್ನೆ ಸಿಗದಿದ್ದರೆ ನನ್ನ ಪಿಎಚ್‌ಡಿಯ ಆ ಅಧ್ಯಾಯವೇ ರದ್ದು ಎಂದು ಪ್ರೊಫೆಸರ್ ಮೇಡಂ ಖಡಕ್ಕಾಗಿ ಹೇಳಿದ್ದರು.

ಮೌನಿ

ಮೊದಲು ಸಿಕ್ಕವನು ಮ್ಯಾಡ್ರಿಡ್‌ನ ಹುಡುಗ. ಕ್ಯಾಂಟೀನಿನಲ್ಲಿ ತಲೆ ತಿನ್ನುವಷ್ಟು ಮಾತಾಡುವವನು, ಮೈಕ್ ಇಟ್ಟ ಕೂಡಲೇ ಹೆಣ್ಣು ನೋಡಲು ಬಂದ ವರನ ಹಾಗೆ ನೆಲ ನೋಡುತ್ತ ಕೂತ.

“ಏನಾದರೂ ಕೇಳು” ಎಂದೆ.

“ಎಲ್ಲಾ ಗೊತ್ತಾಗಿದೆ” ಎಂದು ಎದ್ದು ಹೋದ.

ಮಿರ್ಚಿ

ಸಂಕೋಚ ಬಿಡಿಸೋಣ ಎಂದು, ಕ್ಯೂಬಾದವರ ಹಾಗೆಯೇ ಮಾತಾಡುವ ಡೊಮಿನಿಕನ್ ವಿದ್ಯಾರ್ಥಿಯೊಬ್ಬನನ್ನು ಮನೆಗೇ ಕರೆದು ನಮ್ಮ ಹುಬ್ಬಳ್ಳಿ ಗಿರ್ಮಿಟ್ಟು, ಮಿರ್ಚಿ ಮಾಡಿಕೊಟ್ಟೆ. ಮರುದಿನ ಮೇಡಂ ಹೆಡ್‌ಫೋನ್ ಹಾಕಿಕೊಂಡು ಆ ರೆಕಾರ್ಡಿಂಗ್ ಪೂರ್ತಿ ಕೇಳಿದರು.

“ಇದರಲ್ಲಿ ಪ್ರಶ್ನೆ ಎಲ್ಲಿ? ‘ನೀರು! ನೀರು!’ ಅಂತ ಕಿರುಚುವುದಷ್ಟೇ ಇದೆಯಲ್ಲ!”

ಅವ್ವ

ಅಷ್ಟರಲ್ಲಿ ಊರಿಂದ ಅವ್ವ ಬಂದಳು. ಅವತ್ತೇ ರೆಕಾರ್ಡಿಂಗಿಗೆಂದು ಕ್ಯೂಬಾದ ಅಜ್ಜಿಯೊಬ್ಬರೂ ಮನೆಗೆ ಬಂದರು. ಅವ್ವನಿಗೆ ಸ್ಪ್ಯಾನಿಷ್ ಬಾರದು, ಅಜ್ಜಿಗೆ ಕನ್ನಡ ಬಾರದು. ಅವ್ವ ಚಹಾ ಕೊಟ್ಟು, ತನ್ನ ತಾಳಿ ಎತ್ತಿ ತೋರಿಸಿ, ನನ್ನ ಕೊರಳು ತೋರಿಸಿ, ‘ಇಲ್ಲ’ ಎಂದು ಕೈ ಆಡಿಸಿದಳು. ಶುರುವಾಯಿತು ನೋಡಿ ಅಜ್ಜಿಯ ವಿಚಾರಣೆ!

“ನೀನು ಯಾಕೆ ಮದುವೆ ಆಗಿಲ್ಲ? ನೀನು ಯಾರಿಗೆ ಕಾಯ್ತಿದ್ದೀಯ? ನೀನು ಏನು ಅಂದ್ಕೊಂಡಿದ್ದೀಯ?”

ಎಲ್ಲದರಲ್ಲೂ ‘ನೀನು’ ಮೊದಲು! ಮಾನ ಹೋಗುತ್ತಿತ್ತು, ಆದರೆ ಅಧ್ಯಾಯ ಉಳಿಯುತ್ತಿತ್ತು. ಮೈಕನ್ನು ಅಜ್ಜಿಯ ಹತ್ತಿರಕ್ಕೆ ಸರಿಸಿದೆ.

“ಏನಂತಾರವಾ ಅವರು?” ಅಂದಳು ಅವ್ವ.

“ಚಾ ಛಲೋ ಆಗೇತಂತ.”

“ಸುಳ್ಳ ಹೇಳಬ್ಯಾಡ. ನಾ ಕೇಳೂದನ್ನ ಅವರೂ ಕೇಳಾಕತ್ತಾರ.”

ಸೆಮಿನಾರ್

ಮೇಡಂ ಖುಷಿಯಿಂದ ಅಜ್ಜಿಯ ರೆಕಾರ್ಡಿಂಗನ್ನು ಸೆಮಿನಾರಿನಲ್ಲಿ ಎಲ್ಲರೆದುರು ದೊಡ್ಡದಾಗಿ ಹಾಕಿದರು. ನನಗೆ ಭೂಮಿ ಬಾಯಿ ಬಿಡಬಾರದೇ ಅನಿಸಿತು.

“ಕ್ಯೂಬಾ ಸಿಕ್ಕಿತು. ಸ್ಪೇನ್ ಎಲ್ಲಿ?” ಎಂದು ನನ್ನನ್ನು ಕೇಳಿ, ಸಭೆಯ ಕಡೆ ತಿರುಗಿ, “ಯಾರಿಗಾದರೂ ಪ್ರಶ್ನೆ ಇದೆಯೇ?” ಎಂದರು.

ಹಿಂದಿನ ಬೆಂಚಿನಿಂದ ಒಂದು ಕೈ ಮೇಲೆದ್ದಿತು. ಅದೇ ಮ್ಯಾಡ್ರಿಡ್‌ನ ಮೌನಿ.

“ಹಾಗಾದರೆ ಯಾವಾಗ ಮದುವೆ ಆಗ್ತೀಯ ನೀನು?”

ಕೊನೆಯಲ್ಲಿ ‘ನೀನು’! ಅಪ್ಪಟ ಸ್ಪೇನ್! ನೋಡಿದರೆ ರೆಕಾರ್ಡರ್ ಆಫ್.

ಊರಲ್ಲಿ ಈ ಪ್ರಶ್ನೆಗೆ ಹೆದರಿ ಎಷ್ಟೋ ಮದುವೆ ಊಟ ತಪ್ಪಿಸಿಕೊಂಡವಳು ನಾನು. ಅವತ್ತು ಮೈಕ್ ಹಿಡಿದು ಬೆಂಚುಗಳ ಸಂದಿಯಲ್ಲಿ ಓಡಿದೆ.

“ನಿನ್ನ ದಮ್ಮಯ್ಯ ಮಾರಾಯ, ಇನ್ನೊಂದ್ಸಲ ಕೇಳು!”