ಹರಕೆಯ ಏಳು ಎಪಿಸೋಡು

ದೇವರ ಗೂಡಿನ ಪಕ್ಕದಲ್ಲೇ ಟಿವಿ ಇಟ್ಟ ಮನೆಯಲ್ಲಿ ಇಂಥವು ನಡೆಯುತ್ತಲೇ ಇರುತ್ತವೆ. ತೆಲುಗು ಸೀಮೆಯ ಮಲ್ಕಾಜ್‌ಗಿರಿಯಲ್ಲಿ ನಮ್ಮ ಮನೆ ಸಣ್ಣದು, ಬೇರೆ ಗೋಡೆ ಇಲ್ಲ. ಅಲ್ಲಿ ರಾಮ, ಇಲ್ಲಿ ರಿಮೋಟು. ರೈಲ್ವೆಯಿಂದ ನಿವೃತ್ತರಾದ ನಮ್ಮವರು ಸೀರಿಯಲ್ ಹಚ್ಚಿದರೆ ಒಂದು ಎಪಿಸೋಡಿಗೆ ಏಳುವವರಲ್ಲ. ಒಂದು ಮುಗಿಯುವಷ್ಟರಲ್ಲಿ ಇನ್ನೊಂದು ತಾನೇ ಶುರುವಾಗುತ್ತದಂತೆ, ಎದ್ದು ಹೋದರೆ ಅದಕ್ಕೆ ಅವಮಾನವಂತೆ. ಆದರೂ ಈ ಸಲ ನಡೆದದ್ದನ್ನೆಲ್ಲ ಭಗವಂತನೇ ಕೂತು ನಡೆಸಿದ ಅಂತ ನನ್ನ ನಂಬಿಕೆ.

ಡಾಕ್ಟರ ಕಷ್ಟ

ನಮ್ಮವರ ಎಡಗಣ್ಣು ಚಿಕ್ಕಂದಿನಿಂದಲೂ ಮಂದ. ಇದ್ದ ಒಂದು ಬಲಗಣ್ಣಿಗೇ ಪೊರೆ ಬಂದು ಆಪರೇಶನ್ ಮಾಡಿಸಬೇಕಾಯಿತು. ನನ್ನ ಜೀವ ನನ್ನಲ್ಲಿರಲಿಲ್ಲ. ‘ಕಣ್ಣು ಉಳಿಸಪ್ಪಾ, ನಿನ್ನ ಗುಡಿಯಲ್ಲಿ ಏಳು ದಿನ, ಒಂದು ದಿನವೂ ತಪ್ಪದೆ ಪುರಾಣ ಹೇಳಿಸುತ್ತೇನೆ’ ಎಂದು ನಮ್ಮ ಕಾಲೋನಿಯ ಹನುಮಪ್ಪನಿಗೆ ಹರಕೆ ಹೊತ್ತೆ.

ಕಣ್ಣಿನ ಡಾಕ್ಟರು ತೆಲುಗಿನವರು. ಹೆಂಡತಿ ಹುಬ್ಬಳ್ಳಿಯವರಾದ್ದರಿಂದ ಕನ್ನಡವನ್ನೂ ನಮ್ಮ ಹಾಗೇ ಮಾತಾಡುತ್ತಾರೆ. ಆಪರೇಶನ್ ಆದ ಮೇಲೆ, “ಎರಡು ವಾರ ಟಿವಿ, ಫೋನು ಬಂದ್. ಬ್ಯಾರೆ ಏನರೆ ತ್ರಾಸ ಐತೇನ್ರಿ?” ಅಂದರು.

“ಐತ್ರಿ,” ಅಂದರು ನಮ್ಮವರು. “ಸೀರಿಯಲ್ ಹನ್ನೊಂದನೇ ಎಪಿಸೋಡಿಗೆ ನಿಂತೈತಿ. ಕೊಲಿ ಮಾಡಿದಾಂವ ಯಾರಂದ್ರ…”

ಡಾಕ್ಟರು ಸೀರಿಯಲ್ಲಿನ ಹೆಸರು ಕೇಳಿದರು. ಹೆಸರು ಕಿವಿಗೆ ಬಿದ್ದದ್ದೇ ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡರು. “ಚೆಪ್ಪಕಂಡಿ, ಹೇಳಬ್ಯಾಡ್ರಿ. ನಾ ಇನ್ನೂ ಆರನೇದರಾಗ ಇದೀನಿ.”

ನನ್ನ ಜಪ

ನೋಡಬಾರದು ಅಂದರು, ಕೇಳಬಾರದು ಅನ್ನಲಿಲ್ಲ. ಹಾಗಾಗಿ ನಮ್ಮವರು ಕಪ್ಪು ಕನ್ನಡಕ ಹಾಕಿಕೊಂಡು ಟಿವಿಗೆ ಬೆನ್ನು ಮಾಡಿ ಕೂತರು, ಟಿವಿ ನೋಡಿ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ನಾನು ಜಪಮಾಲೆ ಹಿಡಿದೇ ಕೂತೆ.

“ಶ್ರೀರಾಮ ಶ್ರೀರಾಮ… ಒಬ್ಬಾಂವ ಬಂದ. ಶ್ರೀರಾಮ… ಕೈಯಾಗ ಚಾಕು ಐತಿ. ಶ್ರೀರಾಮ…”

“ಯಾರ ಕೈಯಾಗ?”

“ತಡೀರಿ, ಮಾರಿ ತೋರಿಸವಲ್ರು.”

ಮೂರನೇ ದಿನಕ್ಕೆ ಮಣಿ ಎಲ್ಲಿಗೆ ಬಂತೆಂಬುದೇ ಮರೆತಿತ್ತು. ಸಂಜೆ ದೀಪ ಹಚ್ಚಿ ಕೈಮುಗಿದು, “ಅಪ್ಪಾ ಹನುಮಪ್ಪಾ, ಇವರ ಕಣ್ಣು ಕಾಯಿ. ಹಂಗ ಆ ಇನ್‌ಸ್ಪೆಕ್ಟರನ್ನೂ ಕಾಯಿ” ಅಂದುಬಿಟ್ಟೆ.

ಹಿಂದಿನಿಂದ ನಮ್ಮವರು, “ಇನ್‌ಸ್ಪೆಕ್ಟರನ ಚಿಂತಿ ಬಿಡು. ಮುಂದಿನ ಸೀಸನ್ನಿನ ಪೋಸ್ಟರಿನಾಗ ಅಂವ ಅದಾನ. ನನ್ನ ಕಣ್ಣಿಂದಷ್ಟ ಕೇಳು” ಅಂದರು.

ಬಿಟ್ಟು ಮುಂದ ಹೋಗ್ರಿ

ಎರಡನೇ ವಾರ ಬೀದರಿನಿಂದ ಪುರಾಣಿಕರು ಬಂದರು. ನಾನು ನಡೆಸುವ ಭಜನಾ ಮಂಡಳಿಯ ಹೆಣ್ಣುಮಕ್ಕಳನ್ನೆಲ್ಲ ಕರೆದಿದ್ದೆ. ಬಂದವರು ಎಂಟು ಮಂದಿ. ಉಳಿದವರ ಸೀರಿಯಲ್ಲು ಆವೊತ್ತೇ ಬಿಡುಗಡೆಯಾಗಿತ್ತು. ಪುರಾಣಿಕರು ಗಣಪತಿಯಿಂದ ಹಿಡಿದು ಗುರುಪರಂಪರೆಯವರೆಗೆ ಅರ್ಧ ತಾಸು ಸ್ತುತಿ ಮಾಡಿದರು. ಎರಡನೇ ದಿನ ಮತ್ತೆ ಗಣಪತಿಯಿಂದಲೇ ಸುರುಮಾಡಿದಾಗ, ಮುಂದೆ ಕೂತಿದ್ದ ಪಕ್ಕದ ಮನೆಯಾಕೆ ಬಹಳ ವಿನಯದಿಂದ ಕೇಳಿದಳು:

“ಆಚಾರ್ರ, ಇದು ದಿನಾ ಬರತೈತೇನ್ರಿ?”

“ಹೌದು ತಾಯಿ.”

“ಹಂಗಾರ ಇದನ್ನ ಬಿಟ್ಟು ಮುಂದ ಹೋಗ್ರಿ. ನಾವು ಮನ್ಯಾಗ ಸೀರಿಯಲ್ಲಿಗೂ ಹಂಗ ಮಾಡತೀವಿ.”

ಪುರಾಣಿಕರು ಕಲಿತದ್ದು

ಪುರಾಣಿಕರು ಸಿಟ್ಟಾಗಲಿಲ್ಲ, ಜಾಣರು. ಅವತ್ತು ಕಥೆ ಭರದಲ್ಲಿದ್ದಾಗ, ಬಾಲಭಕ್ತನ ಮುಂದೆ ರಾಕ್ಷಸ ಕತ್ತಿ ಎತ್ತಿದ ಅನ್ನುವಲ್ಲಿ ಪುಸ್ತಕ ಮುಚ್ಚಿ, “ಮುಂದಿನದು ನಾಳಿಗೆ” ಅಂದರು. ಮರುದಿನ ನಲವತ್ತು ಮಂದಿ. ನನಗೆ ಆನಂದದಿಂದ ಕಣ್ಣೀರು.

ನಾಲ್ಕನೇ ದಿನ ಆ ಯುಕ್ತಿಯೇ ಅವರಿಗೆ ತಿರುಗಿಬಿತ್ತು. ಪುಸ್ತಕ ಮುಚ್ಚಲು ಹೋದರೆ ಒಬ್ಬರೂ ಏಳಲಿಲ್ಲ. “ನಾಳೀತನಕಾ ಯಾರು ಕಾಯತಾರ್ರಿ? ಈಗ ಹಚ್ಚರಿ ಮುಂದಿಂದು.” ಒಬ್ಬಾಕೆ ಪುರಾಣಿಕರಿಗೆ ಚಹಾ ತಂದಳು, ಇನ್ನೊಬ್ಬಾಕೆ ಉಪ್ಪಿಟ್ಟು. ಬೆಳಿಗ್ಗೆ ಹತ್ತಕ್ಕೆ ಕೂತವರು ದೀಪ ಹಚ್ಚುವ ಹೊತ್ತಿಗೆ ಏಳು ದಿನದ ಪುರಾಣ ಮುಗಿಸಿ ಮಂಗಳ ಹಾಡಿಯೇ ಎದ್ದರು.

ಎಲ್ಲರಿಗೂ ಸಂತೋಷ. ನಾನು ಮಾತ್ರ ಬೆರಳೆಣಿಸುತ್ತ ಕೂತೆ. ಹರಕೆ ಏಳು ದಿನದ್ದು, ಮುಗಿದದ್ದು ನಾಲ್ಕೇ ದಿನಕ್ಕೆ. ಬೆಳಗಾದರೆ ನಮ್ಮವರ ಕಣ್ಣಿನ ಕೊನೆಯ ತಪಾಸಣೆ.

“ಆಚಾರ್ರ, ದೇವರಿಗೆ ಏನಂತ ಹೇಳಲಿ?” ಅಂದೆ.

“ತಾಯಿ, ಪುರಾಣ ಮುಗದೈತಿ, ದಿನಾ ಮುಗದಿಲ್ಲ. ನಾಳೆ ಮತ್ತ ಮೊದಲಿಂದ ಹೇಳತೀನಿ.”

“ಕೇಳಿದ ಕಥಿ ಕೇಳಾಕ ಯಾರು ಬರತಾರ್ರಿ?”

ಪಕ್ಕದ ಮನೆಯಾಕೆ ಅಂದಳು: “ಎಲ್ಲಾರೂ ಬರತೀವಿ ತಗೋರಿ. ಕಥಿಯಾಗಿನ ಆ ಮುನಿ ಮೊದಲನೇ ದಿನಾನ ಏನೋ ಸುಳಿವು ಕೊಟ್ಟಿದ್ದ. ನಾವ ಲಕ್ಷ್ಯಕ್ಕ ತಗೊಂಡಿದ್ದಿಲ್ಲ.”

ಏಳನೇ ದಿನ

ಮರುದಿನ ಬೆಳಿಗ್ಗೆ ಡಾಕ್ಟರ ಗೋಡೆಯ ಮೇಲಿನ ಪಟ್ಟಿಯಲ್ಲಿ ಕೊನೆಯ ಸಾಲಿನ ಇರುವೆಯಷ್ಟು ಅಕ್ಷರವನ್ನೂ ನಮ್ಮವರು ಸರಾಗ ಓದಿದರು. ನಾನು ಅಲ್ಲೇ ಕುರ್ಚಿಯ ಪಕ್ಕದಲ್ಲಿ ನೆಲಕ್ಕೆ ಹಣೆ ಹಚ್ಚಿದೆ. ಡಾಕ್ಟರಿಗೆ, ಏಳನೇ ದಿನ ಪ್ರಸಾದಕ್ಕೆ ಬರಲೇಬೇಕೆಂದೆ. “ಐದು ನಿಮಿಷ ಬಂದು ಹೋಗತೀನಮ್ಮ” ಅಂದರು.

ಪುರಾಣ ಹೊಸದಾಗಿ ಸುರುವಾದದ್ದರಿಂದ, ಕಣ್ಣಿಗೆ ದೀಪದ ಹೊಗೆ ತಾಗಬಾರದೆಂದು ಅಲ್ಲಿತನಕ ಗುಡಿಗೆ ಬಾರದಿದ್ದ ನಮ್ಮವರಿಗೆ ಒಂದಕ್ಷರವೂ ತಪ್ಪಲಿಲ್ಲ. ಮೊದಲ ಸಲ ಪುರಾಣ ಅವಸರದಲ್ಲಿ ಮುಗಿದದ್ದು ಇದಕ್ಕೇ ಇರಬೇಕು.

ಏಳನೇ ದಿನ ಡಾಕ್ಟರು ಬಂದರು, ಚಪ್ಪಲಿ ಬಿಟ್ಟು ಬಾಗಿಲ ಹತ್ತಿರವೇ ಕೂತರು. ಐದು ನಿಮಿಷ ಹೋಗಿ ಒಂದು ತಾಸಾಯಿತು. ಜನರ ಒತ್ತಾಯಕ್ಕೆ ಪುರಾಣಿಕರು ಆ ಕತ್ತಿಯ ಕಥೆಯನ್ನೇ ಇನ್ನೊಮ್ಮೆ ಹಿಡಿದು, ದನಿ ಏರಿಸಿ, ಬಾಲಭಕ್ತನ ಮುಂದೆ ಕತ್ತಿ ಎತ್ತಿಸಿದರು. ಗುಡಿಯೆಲ್ಲ ಗಪ್‌ಚುಪ್. ಅಷ್ಟರಲ್ಲಿ ಡಾಕ್ಟರ ಫೋನು ಬಡಿದುಕೊಂಡಿತು. ಮನೆಯಿಂದ ಹೆಂಡತಿ.

“ಊಟಕ್ಕ ಎಷ್ಟೊತ್ತು ಕಾಯಬೇಕ್ರಿ?”

ಡಾಕ್ಟರು ಬಾಯಿಗೆ ಕೈ ಅಡ್ಡ ಹಿಡಿದು, “ಹತ್ತು ನಿಮಿಷ ತಡಿ. ರಾಕ್ಷಸ ಕತ್ತಿ ಎತ್ಯಾನ” ಅಂದರು.

ಆಕೆಯ ದನಿ ಇಡೀ ಗುಡಿಗೆ ಕೇಳಿಸಿತು:

“ಹಂಗಾರ ಫೋನ್ ಇಡಬ್ಯಾಡ್ರಿ. ಆಚಾರ್ರ ಕಡೆ ಹಿಡೀರಿ.”