ಅಂಬಲಿ ಬಣ್ಣದ ಗೋಡೆ

“ಎರಡೂ ಒಂದೇ ಅಂತ ಮಾತ್ರ ಅನ್ಬೇಡಿ. ಬೆಳಿಗ್ಗೆ ಬಿಸಿಲು ಬಿದ್ದಾಗ ಇನ್ನೊಂದ್ಸಲ ನೋಡಿ ಹೇಳಿ.”

ನನ್ನ ಹೆಂಡತಿ ನನ್ನ ಹತ್ತಿರ ಆಡಿದ ಕಡೇ ಮಾತು ಇದು. ದೇವರ ಮಾತಲ್ಲ, ಮಕ್ಕಳ ಮಾತಲ್ಲ. ಗೋಡೆ ಬಣ್ಣದ ಮಾತು. ಹೇಳಿ ಮಲಗಿದಳು. ಏಳಲಿಲ್ಲ.

ಆ ಬಣ್ಣದ ಮಾತು ಶುರುವಾದಾಗಿನಿಂದ ಏನಾದರೊಂದು ತಮಾಷೆ ಆಗ್ತಾನೇ ಇತ್ತು. ನೆನಪಿದ್ದಷ್ಟು ಬರೀತೀನಿ.

೧. ಅಂಗಡೀಲಿ

ಶ್ರೀರಾಂಪುರದಲ್ಲಿ ನಂದು ಹಿಟ್ಟಿನ ಗಿರಣಿ. ಅದರ ಹಿಂದೇನೇ ಮನೆ. ಹಾಲ್‌ಗೆ ಬಣ್ಣ ಹೊಡೆಸಬೇಕು ಅಂತ ಅವಳಿಗೆ ಬಹಳ ದಿನದ ಆಸೆ. ಮಲ್ಲೇಶ್ವರದ ಪೇಂಟ್ ಅಂಗಡಿಗೆ ಹೋದ್ವಿ. ಕಾರ್ಡಿನ ತುಂಬಾ ಬಣ್ಣ. ಅವಳು ಮಾಸಲು ಬಣ್ಣ ಎರಡರ ಮೇಲೆ ಬೆರಳಿಟ್ಟಳು. ಎರಡೂ ಒಂದೇ ಅಂದೆ. ಕಾರ್ಡ್ ಸಮೇತ ನನ್ನನ್ನ ರೋಡಿಗೆ ಎಳ್ಕೊಂಡು ಬಂದು ಬಿಸಿಲಲ್ಲಿ ನಿಲ್ಲಿಸಿದಳು.

“ಇದು ರಾಗಿ ಅಂಬಲಿ. ಇದು ಮಜ್ಜಿಗೆ ಜಾಸ್ತಿ ಆಗಿರೋ ಅಂಬಲಿ. ಕಾಣ್ತಾ?”

ಕಾಣಲಿಲ್ಲ. ಹಸಿವು ಆಯ್ತು, ಹಾಗಂದೆ. ಕಾರ್ಡ್ ಹೋಯ್ತು ಅಂತ ಹಿಂದೇನೇ ಓಡಿ ಬಂದಿದ್ದ ಅಂಗಡಿಯವರು ನನ್ನ ಮುಖ ನೋಡಿದರು. ಎರಡರದ್ದೂ ಒಂದೊಂದು ಚಿಕ್ಕ ಡಬ್ಬಿ ತಗೊಂಡು ಹೋಗಿಮ್ಮಾ, ಇವರಿಂದ ಇವತ್ತು ತೀರ್ಮಾನ ಆಗಲ್ಲ ಅಂದರು.

೨. ಬೆರಳು

ಪೇಂಟರ್ ಹಾಲ್ ಗೋಡೆ ಮೇಲೆ ಪಕ್ಕಪಕ್ಕ ಎರಡು ಪಟ್ಟೆ ಬಳಿದು ಹೋದ. ಈಗ ಹೇಳಿ ಅಂದಳು. ಹಿಟ್ಟಾದರೆ ಮುಟ್ಟಿ ಹೇಳ್ತೀನಿ, ಬಣ್ಣ ಹೆಂಗೆ ಹೇಳ್ಲಿ ಅಂದೆ. ಮುಟ್ಟೇ ಹೇಳಿ ಅಂದಳು. ಮುಟ್ಟಿದೆ. ಒಣಗಿರಲಿಲ್ಲ. ಬಲಗಡೆ ಪಟ್ಟೆ ಮೇಲೆ ನನ್ನ ಐದು ಬೆರಳು, ಜೊತೆಗೆ ಗೋಧಿ ಹಿಟ್ಟು.

“ಈಗ ಬೇರೆ ಬೇರೆ ಆಯ್ತಲ್ಲ,” ಅಂದೆ.

ನಕ್ಕು ನಕ್ಕು ನೆಲದ ಮೇಲೆ ಕೂತಳು. ಆ ನಗು ಇನ್ನೊಂದ್ಸಲ ಕೇಳೋ ಹಾಗಿದ್ದರೆ ಗೋಡೆ ಪೂರ್ತಿ ಕೆಡಿಸ್ತೀನಿ.

ಆಮೇಲೆ ಗಿರಣಿಗೆ ಬಂದವರನ್ನೆಲ್ಲಾ ಒಳಗೆ ಕರೆದು ಯಾವುದು ಚೆಂದ ಅಂತ ಕೇಳೋಳು. ಬಿಸಿ ಹಿಟ್ಟು ಆರಿಹೋಗೋವರೆಗೂ ಅದೇ ಮಾತು. ಒಬ್ಬ ಅಜ್ಜಿ ಕನ್ನಡಕ ಹಾಕ್ಕೊಂಡು, ತೆಗೆದು, ಮತ್ತೆ ಹಾಕ್ಕೊಂಡು ನೋಡಿದರು. ಬೆರಳಿರೋದೇ ಚೆನ್ನಾಗಿದೆಯಮ್ಮ, ಮನೆಗೆಲ್ಲಾ ಅದನ್ನೇ ಹೊಡೆಸು ಅಂದರು.

೩. ಮಾರನೇ ಬೆಳಿಗ್ಗೆ

ಇದನ್ನ ನೆನೆಸ್ಕೊಂಡು ನಮ್ಮ ಬೀದಿಯವರು ಈಗಲೂ ನಗ್ತಾರೆ. ನಗಲಿ.

ಅವಳು ಆ ಕಡೇ ಮಾತು ಹೇಳಿ ಮಲಗಿದ್ದರ ಮಾರನೇ ಬೆಳಿಗ್ಗೆ ಮನೆ ತುಂಬಾ ಜನ. ಅವಳನ್ನ ಹಾಲ್‌ನಲ್ಲೇ ಮಲಗಿಸಿದ್ದರು. ಕಿಟಕಿಯಿಂದ ಬಿಸಿಲು ಬಂದು ಗೋಡೆಗೆ ಬಿತ್ತು. ನಾನು ಎದ್ದು ಹೋಗಿ ಗೋಡೆ ಮುಂದೆ ನಿಂತೆ. ಹೇಳಿದ್ದಳಲ್ಲ.

ಪಾಪ, ತಲೆ ಕೆಟ್ಟಿತು ಅಂತ ಹೆಂಗಸರು ಗುಸುಗುಸು ಅಂದರು. ಅವಳ ತಮ್ಮ ಬಂದು ಹೆಗಲು ಹಿಡಿದ.

“ಅತ್ತುಬಿಡಿ ಭಾವ.”

“ಬೇರೆ ಬೇರೆ ಕಣೋ,” ಅಂದೆ. “ಎಡಗಡೇದಕ್ಕೆ ಮಜ್ಜಿಗೆ ಜಾಸ್ತಿ. ನಿಮ್ಮಕ್ಕ ಹೇಳಿದ್ದು ನಿಜ.”

ಅವನು ಕಣ್ಣೊರೆಸ್ಕೊಂಡು ನೋಡಿದ. ಬಹಳ ಹೊತ್ತು ನೋಡಿದ.

“ನಂಗೆ ಎರಡೂ ಒಂದೇ ಥರ ಕಾಣುತ್ತೆ ಭಾವ.”

ಅಳ್ತಾ ಇದ್ದವರೂ ತಲೆ ಎತ್ತಿದರು. ನಾನು ಅವನ ಕೈ ಹಿಡಿದು ಬಿಸಿಲಿಗೆ ಎಳೆದೆ.

“ಹಾಗನ್ಬೇಡ. ಇಲ್ಲಿ ನಿಂತ್ಕೊಂಡು ನೋಡು.”