ಮದ್ರಾಸಿನಲ್ಲಿ ಹೇಳದೆ ರಜೆ ಹಾಕಿದ ಸೂರ್ಯನಾರಾಯಣರಿಗೆ

ಮೋಡದಾಚೆ ಬಿಡಾರ ಹೂಡಿರುವ ಮಾನ್ಯ ಸೂರ್ಯನಾರಾಯಣ ಸ್ವಾಮಿಯವರ ಪಾದಕ್ಕೆ, ಮದ್ದೂರು ತಾಲ್ಲೂಕು ಕೊಪ್ಪದ ಮರಿತಾಯಮ್ಮ ಮದ್ರಾಸಿನ ಆಸ್ಪತ್ರೆಯೊಂದರ ಮೆಟ್ಟಿಲ ಮೇಲೆ ಒದ್ದೆ ಸೆರಗು ಹಿಂಡಿಕೊಂಡು ಅಡ್ಡಬಿದ್ದು ಮಾಡುವ ಅರಿಕೆ.

ಮಾನ್ಯರೇ, ತಾವು ಎಲ್ಲಿದ್ದರೂ ಕ್ಷೇಮವಾಗಿದ್ದೀರೆಂದು ನಂಬಿದ್ದೇನೆ. ನಂಬುವುದೊಂದೇ ಗತಿ, ಏಕೆಂದರೆ ಈ ಊರಿಗೆ ಬಂದಾಗಿನಿಂದ ತಮ್ಮನ್ನು ಕಣ್ಣಾರೆ ಕಂಡವರು ಒಬ್ಬರೂ ಸಿಕ್ಕಿಲ್ಲ.

ವಿಷಯ ಏನೆಂದರೆ, ನನ್ನ ಮಗಳು ಶೋಭಿತಾ ಇಲ್ಲಿ ಗಂಡನ ಮನೆಯಲ್ಲಿದ್ದಾಳೆ. ಅಳಿಯ ಸ್ವರೂಪ್‌ಗೆ ಬಂದರಿನಲ್ಲಿ ಕೆಲಸ. ಸಂಕ್ರಾಂತಿ ಕಳೆದ ಮೇಲೆ ಹೆರಿಗೆ ಎಂದಿದ್ದರು, ಕೊಪ್ಪಕ್ಕೆ ಕರೆತಂದು ಬಾಣಂತನ ಮಾಡಲು ನಾನು ಒಳಕೋಣೆಗೆ ಸುಣ್ಣ ಹೊಡೆಸಿ ಕಾಯುತ್ತಿದ್ದೆ. ಕೂಸು ಯಾರ ಮಾತೂ ಕೇಳದೆ ಧನುರ್ಮಾಸಕ್ಕೇ ಹುಟ್ಟಿಕೊಂಡಿತು. ಅಂಗೈಯಗಲದ ಹೆಣ್ಣು ಮಗು, ಮೇಲಾಗಿ ಮೈಯೆಲ್ಲ ಹಳದಿ, ಗಾಜಿನ ಪೆಟ್ಟಿಗೆಯಲ್ಲಿಟ್ಟಿದ್ದಾರೆ ಎಂದು ಅಳಿಯಂದಿರು ಫೋನು ಮಾಡಿದಾಗ ನಾನು ಹಿತ್ತಿಲಿನಲ್ಲಿ ಅವರೆಕಾಯಿ ಸುಲಿಯುತ್ತಿದ್ದೆ. ತಾವು ತೆಂಗಿನ ಗರಿಯ ಸಂದಿನಿಂದ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದಿರಿ. ತಮ್ಮ ಎದುರಿಗೇ ಹರಕೆ ಹೊತ್ತೆ: ಮಗು ಪೆಟ್ಟಿಗೆಯಿಂದ ಹೊರಗೆ ಬರುವ ತನಕ ದಿನವೂ ತಮ್ಮ ಮುಖ ನೋಡಿ ಕೈಮುಗಿಯದೆ ಬಾಯಿಗೆ ತೊಟ್ಟು ಕಾಫಿಯನ್ನೂ ಬಿಡುವುದಿಲ್ಲ ಎಂದು. ಆಗ ತಾವು ಚಕಾರ ಎತ್ತಲಿಲ್ಲ. ಆ ಊರಿಗೆ ನಾನು ಬರುವುದು ಕಷ್ಟ ಕಣಮ್ಮ, ಬೇರೆ ಯಾರನ್ನಾದರೂ ನೋಡಿಕೋ ಎಂದು ಒಂದು ಮಾತು ಹೇಳಿದ್ದರೆ ನಾನು ನಮ್ಮೂರ ಮಾರಮ್ಮನಿಗೇ ಹೇಳಿಕೊಳ್ಳುತ್ತಿದ್ದೆ.

ತಪ್ಪು ನನ್ನದೂ ಇದೆ. ತಾವು ಹುಟ್ಟುವುದು ಪೂರ್ವದಲ್ಲಿ, ಮದ್ರಾಸಿನ ಸಮುದ್ರವಿರುವುದೂ ಪೂರ್ವದಲ್ಲಿ ಎಂದು ನಮ್ಮೂರ ಶಾಲೆಯಲ್ಲಿ ಹೇಳಿಕೊಟ್ಟಿದ್ದರು. ಹಾಗಾದರೆ ಅದು ತಮ್ಮ ತವರುಮನೆಯೇ ಆಯಿತು, ಅಲ್ಲಿ ಕೊಪ್ಪಕ್ಕಿಂತ ಮುಂಚೆಯೇ ತಮ್ಮ ದರ್ಶನ ಆಗುತ್ತದೆ, ಬೆಳಗಿನ ಕಾಫಿ ಬೇಗ ಸಿಗುತ್ತದೆ ಎಂದು ಲೆಕ್ಕ ಹಾಕಿಕೊಂಡು ರೈಲು ಹತ್ತಿದೆ. ತವರಿಗೆ ಬಂದವರು ಕದ ಹಾಕಿಕೊಂಡು ಮಲಗುತ್ತಾರೆಂಬುದು, ಹೆಣ್ಣು ಹೆತ್ತ ನನಗೇ ಹೊಳೆಯಲಿಲ್ಲ ನೋಡಿ.

ಚಳಿಗಾಲವೆಂದು ಸ್ವೆಟರು, ಕಂಬಳಿ ಎಲ್ಲ ಹೊತ್ತು ತಂದಿದ್ದೆ. ಇಲ್ಲಿ ಚಳಿಯೂ ಇಲ್ಲ, ಸೆಕೆಯೂ ಇಲ್ಲ. ಹಿಂಡದೆ ಹರವಿದ ಬಟ್ಟೆಯ ಹಾಗೆ ಊರಿಗೆ ಊರೇ ತಣ್ಣಗೆ ತೊಟ್ಟಿಕ್ಕುತ್ತಿದೆ. ಧನುರ್ಮಾಸದಲ್ಲಿ ಮಂಜು ಬೀಳಬೇಕು, ಮಳೆಗೆ ಇಲ್ಲೇನು ಕೆಲಸ ಎಂದು ಕೇಳಿದರೆ ಇಲ್ಲಿ ಹೀಗೇ ಅತ್ತೆ ಎನ್ನುತ್ತಾರೆ ಅಳಿಯಂದಿರು. ಪಾಪ, ನನ್ನ ಹಟಕ್ಕೆ ಸೋತು ಬೆಳಗ್ಗೆ ಸ್ಕೂಟರಿನಲ್ಲಿ ಸಮುದ್ರದ ದಂಡೆಗೂ ಕರೆದುಕೊಂಡು ಹೋದರು. ಸಮುದ್ರವೂ ಕಲಗಚ್ಚಿನ ಬಣ್ಣ, ಆಕಾಶವೂ ಕಲಗಚ್ಚಿನ ಬಣ್ಣ. ಎರಡರ ನಡುವೆ ತಾವು ಯಾವ ಕಡೆಯಿಂದ ಬರಬೇಕೆಂದು ತಮಗೇ ತಿಳಿಯದೆ ವಾಪಸು ಹೋದಿರೋ ಏನೋ. ಕೊಡೆ ಹಿಡಿದು ವ್ಯಾಯಾಮಕ್ಕೆ ನಡೆಯುತ್ತಿದ್ದವರೊಬ್ಬರು, ಬರಿಯ ಮೋಡಕ್ಕೆ ಕೈಮುಗಿದು ನಿಂತ ನನ್ನನ್ನು ನೋಡಿ ತಾವೂ ಒಂದು ಕೈ ಎದೆಗೆ ಮುಟ್ಟಿಸಿಕೊಂಡು ಹೋದರು. ಹಾಜರಿಲ್ಲದೆಯೇ ಇಬ್ಬರಿಂದ ನಮಸ್ಕಾರ ಪಡೆಯುವ ತಮ್ಮ ಶಕ್ತಿ ದೊಡ್ಡದು. ನಮ್ಮ ಸರ್ಕಾರಿ ಕಚೇರಿಯವರು ಕುರ್ಚಿಯ ಮೇಲೆ ಕೋಟನ್ನಾದರೂ ಬಿಟ್ಟು ಹೋಗುತ್ತಾರೆ. ತಾವು ಒಂದು ಕಿರಣವನ್ನೂ ನೇತುಹಾಕಿ ಹೋಗಲಿಲ್ಲ.

ಹಾಗೆ ಮೊದಲ ದಿನ ಉಪವಾಸ ಕಳೆಯಿತು. ಮಾರನೆಯ ದಿನವೂ ಮಳೆ ನಿಲ್ಲದಿದ್ದಾಗ ಊರಿನಿಂದ ನನ್ನ ಓರಗಿತ್ತಿ ಮಂಚಮ್ಮ ವಿಡಿಯೊ ಕಾಲ್ ಮಾಡಿ ಫೋನನ್ನು ತಮ್ಮ ಕಡೆಗೆ ತಿರುಗಿಸಿದಳು. "ಸಂದಾಗಿ ನೋಡ್ಕೊ ಅಕ್ಕ, ಇಲ್ಲಿ ಬೆಂಕಿ ಕಾರ್ತಾವ್ನೆ. ಅಲ್ಲಿಗೂ ಇವ್ನೇ ಅಲ್ವಾ ಬರ್ಬೇಕಾದೋನು?" ಎಂದಳು. ಬೆಳ್ಳಗೆ ಏನೋ ಹೊಳೆಯಿತು. ಅದು ತಾವೋ ಮಂಚಮ್ಮನ ಮೂಗುಬೊಟ್ಟೋ ಎಂದು ಗೊತ್ತಾಗುವ ಮೊದಲೇ ಕಾಲ್ ಕಟ್ಟಾಯಿತು. ಫೋನಿನಲ್ಲಿ ಕಂಡ ಊಟ ಹೊಟ್ಟೆ ತುಂಬಿಸದಿದ್ದ ಮೇಲೆ ಫೋನಿನಲ್ಲಿ ಕಂಡ ದೇವರು ಹರಕೆ ತೀರಿಸುತ್ತಾನೆಯೇ? ನಾನು ಒಪ್ಪಲಿಲ್ಲ.

ಆದರೆ ನನ್ನ ಮಗಳು ನನಗಿಂತ ಹಟಮಾರಿ. ಮಗುವಿಗೆ ಹಾಲು ತೆಗೆದು ಲೋಟದಲ್ಲಿ ಕಳಿಸಬೇಕಾದವಳು, ಮುಂದಿಟ್ಟ ಗಂಜಿಯನ್ನು ಪಕ್ಕಕ್ಕೆ ಸರಿಸಿ ಗೋಡೆಯ ಕಡೆ ತಿರುಗಿ ಮಲಗಿದಳು. "ನೀನು ಉಣ್ಣೋವರ್ಗೂ ನಾನೂ ಉಣ್ಣಕಿಲ್ಲ ಕಣವ್ವ. ಹಾಲು ಬತ್ತೋದ್ರೆ ನಿನ್ ಸೂರ್ಯನ್ನೇ ಕೇಳ್ಕೊ," ಎಂದಳು. ಕೂಸಿಗೆಂದು ಹೊತ್ತ ಹರಕೆ ಕೂಸಿನ ಹಾಲಿಗೇ ಅಡ್ಡ ಬಂತು. ಮುರಿದರೆ ತಮ್ಮ ಕೋಪ, ನಡೆಸಿದರೆ ಮೊಮ್ಮಗಳ ಹೊಟ್ಟೆ. ಸ್ವಾಮಿ, ಆ ಹೊತ್ತಿನಲ್ಲಿ ನಾನು ತಮ್ಮನ್ನು ಏನೇನು ಅಂದೆ ಎಂಬುದನ್ನು ಈ ಪತ್ರದಲ್ಲಿ ಬರೆಯುವುದಿಲ್ಲ, ತಾವು ದೊಡ್ಡವರು.

ಮಗುವನ್ನಾದರೂ ಒಂದು ಸಲ ನೋಡಿ ಬರೋಣವೆಂದು ಹೋದೆ. ಹೊಸೂರಿನ ಕಡೆಯ ನರ್ಸಮ್ಮ ಕೈ ತೊಳೆಸಿ ಒಳಗೆ ಬಿಟ್ಟರು. ಪೆಟ್ಟಿಗೆಯ ಮೇಲೆ ನೀಲಿ ದೀಪ ಉರಿಯುತ್ತಿತ್ತು, ಮಗುವಿನ ಕಣ್ಣಿಗೆ ಬಿಳಿ ಬಟ್ಟೆ ಕಟ್ಟಿತ್ತು. ನಮ್ಮ ಕಡೆ ಹಳದಿಯಾದ ಕೂಸನ್ನು ಎಳೆ ಬಿಸಿಲಿಗೆ ಹಿಡಿಯುತ್ತೇವೆ, ಇಲ್ಲಿ ಬಿಸಿಲೇ ಇಲ್ಲವಲ್ಲ ತಾಯಿ ಎಂದು ಅತ್ತುಕೊಂಡೆ. "ಆ ಕೆಲಸ ಈ ದೀಪ ಮಾಡ್ತದಮ್ಮ, ಹಗಲು ರಾತ್ರಿ ಆರಲ್ಲ," ಎಂದರು ಅವರು. ಕಣ್ಣಿಗೆ ಬಟ್ಟೆ ಯಾಕೆಂದರೆ, ಇದನ್ನು ನೇರವಾಗಿ ನೋಡಬಾರದಂತೆ. ನೇರ ನೋಡಬಾರದ್ದು, ಹಳದಿ ಇಳಿಸುವುದು, ಕೂಸು ಬೆಚ್ಚಗೆ ಮಲಗಿರುವ ಪೆಟ್ಟಿಗೆಗೆ ಕಾವಲು ನಿಂತಿರುವುದು: ಇನ್ನೇನು ಗುರುತು ಬೇಕಿತ್ತು ನನಗೆ? ಅಲ್ಲೇ ಆ ಟ್ಯೂಬ್‌ಲೈಟಿಗೆ ಕೈಮುಗಿದೆ. ಹೊರಗೆ ಬಂದು ಮಗಳ ಮುಂದೆ ಕೂತು ಗಂಜಿ ಕುಡಿದೆ, ಅವಳೂ ಕುಡಿದಳು, ಲೋಟದಲ್ಲಿ ಹಾಲೂ ಹೋಯಿತು.

ಆದ್ದರಿಂದ ತಮ್ಮಲ್ಲಿ ಬೇಡುವುದಿಷ್ಟೇ. ಆ ದೀಪಕ್ಕೆ ಮುಗಿದ ಕೈಯನ್ನು ತಮಗೇ ಮುಗಿದದ್ದೆಂದು ಒಪ್ಪಿಕೊಂಡು ಹರಕೆಯನ್ನು ಊರ್ಜಿತಗೊಳಿಸಬೇಕು. ತಾವು ರಜೆಯಲ್ಲಿರುವಷ್ಟು ದಿನ ಅದನ್ನೇ ತಮ್ಮ ಜಾಗಕ್ಕೆ ಪ್ರಭಾರಿಯಾಗಿ ನೇಮಿಸಬೇಕು. ಕರೆಂಟು ಹೋಗದ ಹಾಗೆ ವರುಣನಿಗೂ ಒಂದು ಮಾತು ಹೇಳಬೇಕು. ಆಗುವುದಾದರೆ ಕೊಪ್ಪದಲ್ಲಿ ಮಂಚಮ್ಮನ ಹಪ್ಪಳಕ್ಕೆ ದಂಡವಾಗಿ ಸುರಿಯುವ ಬಿಸಿಲಿನಲ್ಲಿ ಒಂದು ಮೊಗೆಯಷ್ಟನ್ನು ಈ ಆಸ್ಪತ್ರೆಯ ಕಿಟಕಿಗೆ ಕಳಿಸಿಕೊಡಬೇಕು. ಒಪ್ಪಿಗೆ ಇಲ್ಲದಿದ್ದರೆ ಖುದ್ದಾಗಿ ಬಂದು ಬೈಯಿರಿ. ಬೈಯುವುದಕ್ಕಾದರೂ ಬಂದಿರೆಂದು ಸಂತೋಷಪಡುತ್ತೇನೆ.

ಕಾದು ಕಾದು ಕತ್ತು ನೋವಾದರೂ ಇನ್ನೂ
ತಮ್ಮ ವಿಶ್ವಾಸಿಯೇ ಆದ,
ಮರಿತಾಯಮ್ಮ

ಮರೆತ ಮಾತು: ಮಗುವಿಗೆ ತಮ್ಮ ಹೆಸರೇ ಇರಲಿ, ಭಾನುಮತಿ ಎನ್ನೋಣ ಎಂದುಕೊಂಡಿದ್ದೆ. ಅಳಿಯಂದಿರು ವರ್ಷಾ ಎಂದಿಡೋಣ ಎನ್ನುತ್ತಿದ್ದಾರೆ, ಮಳೆಯ ನೆನಪಿಗಂತೆ. ಇಲ್ಲಿಯವರೆಗೆ ನಾನು ತಮ್ಮ ಕಡೆಗೇ ವಾದಿಸಿದ್ದೇನೆ. ಆದರೆ ಮಗು ಹುಟ್ಟಿದ ದಿನದಿಂದ ತಪ್ಪದೆ ಆಸ್ಪತ್ರೆಗೆ ಬಂದು ನೋಡಿಕೊಂಡು ಹೋಗುತ್ತಿರುವುದು ಮಳೆಯೇ ಅಲ್ಲವೇ ಎಂದು ಅವರು ಕೇಳಿದರೆ, ನಾನೂ ಮಳೆಯ ಕಡೆಗೇ ವಾದಿಸಬೇಕಾದೀತು.